ಅಟ್ಟದಿಂದ ಇಳಿಸಿದ ಆಂಪ್ಲಿಫೈಯರ್: ಪ್ಲಗ್ ಚುಚ್ಚುವ ಮುಂಚೆ ಸ್ವಲ್ಪ ತಡೆಯಿರಿ

ಅಟ್ಟ ಶುಚಿ ಮಾಡಲು ಹತ್ತಿದವರಿಗೆ ಏನೇನೋ ಸಿಗುತ್ತದೆ. ನನಗೆ ಸಿಕ್ಕಿದ್ದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ನಮ್ಮ ಸೋದರಮಾವನ ಸ್ಟೀರಿಯೊ ಆಂಪ್ಲಿಫೈಯರ್. ಹದಿನೆಂಟು ವರ್ಷದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಎತ್ತಿದರೆ ಒಳ್ಳೇ ಕಲ್ಲಿನ ಭಾರ. ಮುಂದೆ ದಪ್ಪನೆಯ ಅಲ್ಯೂಮಿನಿಯಂ ಪಟ್ಟಿ, ತಿರುಗಿಸಿದರೆ ಬೆರಳಿಗೆ ತೂಕ ಗೊತ್ತಾಗುವ ವಾಲ್ಯೂಮ್ ನಾಬ್. ಇಂಥದ್ದು ಕೈಗೆ ಬಂದರೆ ಎಲ್ಲರೂ ಮಾಡುವುದು ಒಂದೇ: ಧೂಳು ಊದಿ, ಸುತ್ತಿದ ವೈರ್ ಬಿಡಿಸಿ, ಪ್ಲಗ್ ಚುಚ್ಚಿ, ‘ನೋಡೋಣ, ಓಡುತ್ತಾ’ ಅನ್ನುವುದು.

ಅದೊಂದನ್ನು ಮಾಡಬೇಡಿ. ಇದಕ್ಕೂ ಮುಂಚೆ ಸಿಕ್ಕಿದ್ದ ಇನ್ನೊಂದು ಆಂಪ್ಲಿಫೈಯರ್‌ಗೆ ನಾನು ಹಾಗೇ ಮಾಡಿದ್ದೆ. ಹತ್ತು ಸೆಕೆಂಡು ದೀಪ ಚೆನ್ನಾಗಿ ಉರಿಯಿತು, ನನಗೂ ಖುಷಿಯಾಯಿತು, ಆಮೇಲೆ ಮೇಲಿನ ಜಾಲರಿಯಿಂದ ಬಿಳಿ ಹೊಗೆ. ಇಡೀ ಕೋಣೆಗೆ ಎರಡು ದಿನ ಅದೇ ವಾಸನೆ. ‘ಇಟ್ಟಾಗ ಚೆನ್ನಾಗಿಯೇ ಇತ್ತಲ್ಲ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಸುಮ್ನೆ ಇಟ್ಟಿದ್ದೇ ಇದಕ್ಕೆ ಕಾಯಿಲೆ.

ಕಾರಣ ಸರಳ. ಒಳಗೆ ಡಬ್ಬಿಗಳ ಹಾಗೆ ನಿಂತಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗಿನ ಆಕ್ಸೈಡ್ ಪದರ ಇರುತ್ತದೆ. ಕರೆಂಟು ತಡೆಯುವುದು ಅದೇ. ವೋಲ್ಟೇಜ್ ಸಿಗುತ್ತಿದ್ದರೆ ಆ ಪದರ ಗಟ್ಟಿಯಾಗಿರುತ್ತದೆ, ವರ್ಷಗಟ್ಟಲೆ ಸಿಗದಿದ್ದರೆ ಅಲ್ಲಲ್ಲಿ ಸವೆಯುತ್ತದೆ. ಸವೆದ ಪದರದ ಮೇಲೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಕರೆಂಟು ಸೋರುತ್ತದೆ, ಕೆಪಾಸಿಟರ್ ಬಿಸಿಯಾಗುತ್ತದೆ, ಗ್ರಹಚಾರ ಕೆಟ್ಟಿದ್ದರೆ ಸಿಡಿಯುತ್ತದೆ. ನಿಧಾನಕ್ಕೆ ಕೊಟ್ಟರೆ ಮಾತ್ರ ಆ ಪದರ ಬಹಳಷ್ಟು ಸಲ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಮೊದಲು ಕಣ್ಣು, ಆಮೇಲೆ ಮೂಗು

ಹಿಂದುಗಡೆಯಿಂದ ಶುರು ಮಾಡಿ. ವೋಲ್ಟೇಜ್ ಸೆಲೆಕ್ಟರ್ ಇದೆಯಾ ನೋಡಿ. ನಾಣ್ಯದಿಂದ ತಿರುಗಿಸುವ ಸಣ್ಣ ಚಕ್ರ ಇರಬಹುದು, ಜಾರಿಸುವ ಸ್ವಿಚ್ ಇರಬಹುದು. 110, 120, 220, 240 ಅಂತ ಬರೆದಿರುತ್ತದೆ. ನಿಮ್ಮ ಮನೆಯ ಕರೆಂಟು 230 ವೋಲ್ಟ್ ಆಗಿದ್ದು ಇದು 120ರಲ್ಲಿ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಜಪಾನಿನ ಒಳಮಾರುಕಟ್ಟೆಗೆ ಮಾಡಿದ ಮಾಡೆಲ್‌ಗಳು ಬರೀ 100 ವೋಲ್ಟಿನವು, ಅವಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಪವರ್ ಕೇಬಲ್ಲನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಬಿರುಕು ಬಿಟ್ಟಿದ್ದರೆ, ಇಲಿ ಕಡಿದಿದ್ದರೆ, ಮುಂದಿನ ಯಾವ ಕೆಲಸಕ್ಕೂ ಮುಂಚೆ ಅದನ್ನೇ ಬದಲಾಯಿಸಿ. ಟೇಪ್ ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ.

ಆಮೇಲೆ ಮುಚ್ಚಳ ತೆಗೆಯಿರಿ, ಪ್ಲಗ್ ಗೋಡೆಯಲ್ಲಿ ಇಲ್ಲ ಅಂತ ಎರಡು ಸಲ ನೋಡಿಕೊಂಡು. ವರ್ಷಾನುಗಟ್ಟಲೆ ಕರೆಂಟು ಕಾಣದ ಸೆಟ್ಟಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುವುದಿಲ್ಲ, ಆದರೆ ಒಂದು ಸಲ ಆನ್ ಮಾಡಿದ ಮೇಲೆ ಮಾತು ಬೇರೆ. ದೊಡ್ಡ ಎರಡು ಫಿಲ್ಟರ್ ಕೆಪಾಸಿಟರ್‌ಗಳು ಆಫ್ ಮಾಡಿದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಪಟ್’ ಅನ್ನಿಸುವವರನ್ನು ನೋಡಿದ್ದೇನೆ. ಅದು ಕೆಪಾಸಿಟರ್‌ಗೂ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ. 1 ಕಿಲೊ ಓಮ್, 5 ವ್ಯಾಟಿನ ಒಂದು ರೆಸಿಸ್ಟರ್‌ನ ಎರಡೂ ಕಾಲಿಗೆ ಇನ್ಸುಲೇಶನ್ ಇರುವ ವೈರ್ ಬೆಸೆದು ಇಟ್ಟುಕೊಳ್ಳಿ. 10,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೇಲೆ ಇದನ್ನು ಒಂದು ನಿಮಿಷ ಹಿಡಿದರೆ 50 ವೋಲ್ಟ್ ಇದ್ದದ್ದು ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಮಲ್ಟಿಮೀಟರ್ ಇಟ್ಟು ಖಾತ್ರಿ ಮಾಡಿಕೊಂಡ ಮೇಲೇ ಬೆರಳು ಒಳಗೆ ಹೋಗಲಿ.

ವಾಲ್ವ್ ಸೆಟ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವುದು) ಇದ್ದವರಿಗೆ ಒಂದು ಮಾತು: ಅದರೊಳಗೆ 300ರಿಂದ 500 ವೋಲ್ಟ್ ಓಡಾಡುತ್ತದೆ, ಸ್ಪೀಕರ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ನಾನು ಇಲ್ಲಿ ಬರೆಯುತ್ತಿರುವುದು ಟ್ರಾನ್ಸಿಸ್ಟರ್ ಸೆಟ್‌ಗಳಿಗೆ ಮಾತ್ರ.

ಒಳಗೆ ಏನು ಹುಡುಕಬೇಕು? ತಲೆ ಉಬ್ಬಿದ ಕೆಪಾಸಿಟರ್, ಬುಡದಲ್ಲಿ ಅಂಟಂಟು ಕಲೆ, ಕಪ್ಪಾದ ರೆಸಿಸ್ಟರ್, ಜಿರಳೆ ಮೊಟ್ಟೆ, ಇಲಿ ಉಚ್ಚೆಯ ಗುರುತು. ನಕ್ಕರೂ ಸರಿ, ಇಲಿ ಉಚ್ಚೆ ತಾಮ್ರದ ಪಟ್ಟಿಯನ್ನು ತಿಂದುಹಾಕುತ್ತದೆ. ಮೂಗನ್ನೂ ಹತ್ತಿರ ತನ್ನಿ, ಕೆಪಾಸಿಟರ್ ಸೋರಿದ್ದರೆ ಒಣಮೀನಿನಂಥ ವಾಸನೆ ಬರುವುದುಂಟು. ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ಸೆಟ್‌ಗಳಲ್ಲಿ ದೊಡ್ಡ ಕೆಪಾಸಿಟರ್ ಅಲ್ಲಾಡದಿರಲಿ ಅಂತ ಬುಡಕ್ಕೆ ಹಳದಿ ಅಂಟು ಹಾಕಿರುತ್ತಿದ್ದರು. ಅದು ವಯಸ್ಸಾದ ಮೇಲೆ ಕಂದು ಬಣ್ಣಕ್ಕೆ ತಿರುಗಿ, ಪಕ್ಕದ ಕಾಲುಗಳನ್ನು ಕೊರೆಯುತ್ತದೆ, ಕೆಲವೊಮ್ಮೆ ಕರೆಂಟನ್ನೂ ಹರಿಯಬಿಡುತ್ತದೆ. ನೋಡುವವರು ಅದನ್ನು ಸೋರಿದ ಕೆಪಾಸಿಟರ್ ಅಂದುಕೊಳ್ಳುತ್ತಾರೆ. ಅಲ್ಲ, ಅಂಟು. ಮರದ ಕಡ್ಡಿಯಿಂದ ನಿಧಾನಕ್ಕೆ ಕೆರೆದು ತೆಗೆಯಿರಿ.

ಧೂಳಿಗೆ ಮೆತ್ತನೆಯ ಪೇಂಟ್ ಬ್ರಶ್ ಸಾಕು. ಮುಂದಿನ ಪಟ್ಟಿಗೆ ಸ್ಪಿರಿಟ್ ಗಿಪಿರಿಟ್ ಹಚ್ಚಬೇಡಿ, ಅಕ್ಷರಗಳೇ ಎದ್ದುಬರುತ್ತವೆ. ಒದ್ದೆ ಬಟ್ಟೆ, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು, ಅಷ್ಟೇ.

ಫ್ಯೂಸು ತೆಗೆದು ಅದರ ಲೋಹದ ಟೋಪಿಯ ಮೇಲಿನ ಅಂಕಿ ಓದಿ. ‘ಟಿ’ ಅಂತಿದ್ದರೆ ನಿಧಾನಕ್ಕೆ ಹೋಗುವ ಫ್ಯೂಸು, ‘ಎಫ್’ ಅಂತಿದ್ದರೆ ಬೇಗ ಹೋಗುವುದು. ಹಿಂದಿನ ಪುಣ್ಯಾತ್ಮರು ಯಾರಾದರೂ ಸಿಗರೇಟಿನ ಬೆಳ್ಳಿಕಾಗದ ಸುತ್ತಿಟ್ಟಿದ್ದಾರಾ ಅದನ್ನೂ ನೋಡಿ. ನಗಬೇಡಿ, ನನ್ನದರಲ್ಲಿ ಒಂದು ಎಳೆ ತಾಮ್ರದ ತಂತಿ ಇತ್ತು.

ಬಲ್ಬಿನ ಉಪಾಯ

ಇಡೀ ಕೆಲಸದಲ್ಲಿ ಒಂದೇ ಒಂದು ಸಲಕರಣೆ ಮಾಡಿಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ. ಒಂದು ಹಲಗೆ, ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್, ಒಂದು ಪ್ಲಗ್ ಇರುವ ವೈರ್. ಪ್ಲಗ್ಗಿನಿಂದ ಬರುವ ನ್ಯೂಟ್ರಲ್ ಮತ್ತು ಅರ್ತ್ ನೇರ ಸಾಕೆಟ್‌ಗೆ ಹೋಗಲಿ. ಫೇಸ್ ಮಾತ್ರ ಮೊದಲು ಬಲ್ಬ್ ಹೋಲ್ಡರ್‌ಗೆ ಹೋಗಿ, ಅಲ್ಲಿಂದ ಸಾಕೆಟ್‌ಗೆ ಬರಲಿ. ಅಂದರೆ ಆಂಪ್ಲಿಫೈಯರ್‌ಗೆ ಹೋಗುವ ಕರೆಂಟೆಲ್ಲ ಬಲ್ಬಿನ ಮೂಲಕವೇ ಹೋಗಬೇಕು. ಬಲ್ಬು ಹಳೇ ಕಾಲದ ತಂತಿಯ ಬಲ್ಬೇ ಆಗಿರಬೇಕು, 60 ಅಥವಾ 100 ವ್ಯಾಟ್. ಎಲ್‌ಇಡಿ ಹಾಕಿದರೆ ಏನೂ ಪ್ರಯೋಜನವಿಲ್ಲ. ತಂತಿ ಬಲ್ಬು ಸಿಗದಿದ್ದರೆ ಹ್ಯಾಲೊಜನ್ ಬಲ್ಬು ನಡೆಯುತ್ತದೆ, ಅದರೊಳಗೂ ಇರುವುದು ತಂತಿಯೇ. ಮನೆ ಕರೆಂಟಿನ ವೈರಿಂಗ್ ಕೈಯಲ್ಲಿ ಮಾಡಿ ಅಭ್ಯಾಸ ಇಲ್ಲದವರು ಇದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಇದರ ಮಜಾ ಏನೆಂದರೆ, ತಂತಿ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಬಿಸಿಯಾದಾಗಿನದರ ಸುಮಾರು ಹತ್ತನೇ ಒಂದು ಭಾಗ. ಆಂಪ್ಲಿಫೈಯರ್ ಕಮ್ಮಿ ಕರೆಂಟು ಎಳೆದರೆ ಬಲ್ಬು ಅಡ್ಡ ಬರುವುದೇ ಇಲ್ಲ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬೇ ಪೂರ್ತಿ ಉರಿದು ಕರೆಂಟನ್ನು ತಡೆಹಿಡಿಯುತ್ತದೆ. 60 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಕಾಲು ಆಂಪಿಯರ್‌ಗಿಂತ ಒಂಚೂರು ಜಾಸ್ತಿ ಬಿಡಬಹುದು, ಅದರ ಮೇಲೆ ಇಲ್ಲ. ಹೊಗೆ ಬರುವ ಜಾಗದಲ್ಲಿ ಬಲ್ಬು ಉರಿಯುತ್ತದೆ, ಅಷ್ಟೇ ವ್ಯತ್ಯಾಸ.

ಸ್ಪೀಕರ್ ಯಾವುದೂ ಸಿಕ್ಕಿಸಿರಬಾರದು. ವಾಲ್ಯೂಮ್ ಸೊನ್ನೆಯಲ್ಲಿರಲಿ. ಈಗ ಆನ್ ಮಾಡಿ, ಬಲ್ಬನ್ನೇ ನೋಡಿ. ಮೊದಲು ಅರೆ ಕ್ಷಣ ಝಗ್ ಅಂತ ಬೆಳಗುತ್ತದೆ, ಅದು ದೊಡ್ಡ ಕೆಪಾಸಿಟರ್‌ಗಳು ತುಂಬಿಕೊಳ್ಳುವುದು. ಆಮೇಲೆ ಮಂಕಾಗುತ್ತಾ ಮಂಕಾಗುತ್ತಾ ತಂತಿ ಮಾತ್ರ ಕೆಂಪಗೆ ಕಾಣುವ ಹಾಗೆ ಆಗಬೇಕು, ಅಥವಾ ಪೂರ್ತಿ ಆರಿದ ಹಾಗೆ. ನನ್ನದು ಹಾಗಾಗಲು ಹತ್ತಿರ ಹತ್ತಿರ ನಾಲ್ಕು ಸೆಕೆಂಡು ತೆಗೆದುಕೊಂಡಿತು, ಆ ನಾಲ್ಕು ಸೆಕೆಂಡು ನಾನು ಉಸಿರು ಬಿಟ್ಟ ನೆನಪಿಲ್ಲ. ಬಲ್ಬು ಮಂಕಾಗದೆ ಹಾಗೇ ಉರಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ), ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಟ್ರಾನ್ಸ್‌ಫಾರ್ಮರ್, ಯಾವುದೋ ಒಂದು ಶಾರ್ಟ್ ಆಗಿದೆ. ಇನ್ನೊಂದು ಸಲ ನೋಡೋಣ ಅಂತ ಮತ್ತೆ ಮತ್ತೆ ಆನ್ ಮಾಡುವುದರಲ್ಲಿ ಅರ್ಥವಿಲ್ಲ.

ಮಂಕಾಯಿತು ಅಂದರೆ ಹಾಗೇ ಅರ್ಧ ಗಂಟೆ ಬಿಡಿ. ಎದ್ದು ಹೋಗಬೇಡಿ, ಪಕ್ಕದಲ್ಲೇ ಕೂತಿರಿ. ಒಂದು ವಿಷಯ ಇಲ್ಲಿ ಹೇಳಲೇಬೇಕು: ಬಲ್ಬು ಕರೆಂಟನ್ನು ಮಿತಿಯಲ್ಲಿಡುತ್ತದೆಯೇ ಹೊರತು ವೋಲ್ಟೇಜನ್ನು ಮೆಲ್ಲಗೆ ಏರಿಸುವುದಿಲ್ಲ. ಅದಕ್ಕೆ ವೇರಿಯಾಕ್ ಬೇಕು, ಅಂದರೆ ನಾಬ್ ತಿರುಗಿಸಿ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್. ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ, 40 ವೋಲ್ಟಿನಿಂದ ಶುರು ಮಾಡಿ ಒಂದೆರಡು ಗಂಟೆಯಲ್ಲಿ ಪೂರ್ತಿಗೆ ತನ್ನಿ, ಬಲ್ಬೂ ಜೊತೆಗಿರಲಿ. ಇಲ್ಲದಿದ್ದರೆ ಬಲ್ಬಿನಲ್ಲೇ ಎರಡು ಮೂರು ದಿನ ಅರ್ಧರ್ಧ ಗಂಟೆ ಓಡಿಸಿ. ನಾನು ಮಾಡಿದ್ದು ಹೀಗೇ.

ಬಲ್ಬು ತೆಗೆದು ನೇರವಾಗಿ ಆನ್ ಮಾಡಿದಾಗ ಎರಡು ಮೂರು ಸೆಕೆಂಡಿಗೆ ಒಳಗಿನಿಂದ ‘ಟಕ್’ ಅಂತ ಸದ್ದು ಬರಬಹುದು. ಸ್ಪೀಕರನ್ನು ಆಂಪ್ಲಿಫೈಯರ್‌ಗೆ ಸೇರಿಸುವ ತಾನೇ ಬೀಳುವ ಸ್ವಿಚ್, ಅಂದರೆ ಸ್ಪೀಕರ್ ರಿಲೇ, ಕೂತ ಸದ್ದದು, ಒಳ್ಳೇ ಶಕುನ. ರಿಲೇ ಇರುವ ಸೆಟ್ಟಿನಲ್ಲಿ ಟಕ್ ಬರಲೇ ಇಲ್ಲ ಅಂದರೆ ಪ್ರೊಟೆಕ್ಷನ್ ಸರ್ಕ್ಯೂಟಿಗೆ ಏನೋ ಇಷ್ಟವಾಗಿಲ್ಲ ಅಂತ ಅರ್ಥ.

ಟಕ್ ಬಂದರೂ ಸ್ಪೀಕರ್ ಕಡೆ ಕೈ ಹಾಕಬೇಡಿ, ಇನ್ನೊಂದು ಅಳತೆ ಬಾಕಿ ಇದೆ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಡಿ. ಎಡ ಸ್ಪೀಕರ್ ಟರ್ಮಿನಲ್ಲಿನ ಕೆಂಪಿಗೆ ಕೆಂಪು ಕಡ್ಡಿ, ಕಪ್ಪಿಗೆ ಕಪ್ಪು. ಹತ್ತು ನಿಮಿಷ ಬಿಸಿಯಾದ ಮೇಲೆ 50 ಮಿಲಿವೋಲ್ಟಿಗಿಂತ ಕಮ್ಮಿ ಇದ್ದರೆ ನಿಶ್ಚಿಂತೆ. 100 ದಾಟಿದರೆ ಯಾರಿಗಾದರೂ ತೋರಿಸಿ. ವೋಲ್ಟ್‌ಗಳಲ್ಲೇ ತೋರಿಸಿದರೆ ಅದು ಸ್ಪೀಕರ್ ಸುಡುವ ಯಂತ್ರ, ಸಂಗೀತದ ಯಂತ್ರವಲ್ಲ. ಬಲಗಡೆಯೂ ಹೀಗೇ ನೋಡಿ. ನನ್ನದರಲ್ಲಿ ಎಡಕ್ಕೆ 12, ಬಲಕ್ಕೆ 38 ಬಂತು.

ಒಳಗೆ ಸಣ್ಣ ಸ್ಕ್ರೂ ತಲೆಯ ಪ್ರಿಸೆಟ್‌ಗಳು ಕಾಣುತ್ತವೆ. ಕೈ ತುರಿಸುತ್ತದೆ, ಗೊತ್ತು. ಸರ್ವಿಸ್ ಮ್ಯಾನುಯಲ್ ಇಲ್ಲದೆ ತಿರುಗಿಸಬೇಡಿ. ಅದು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಬಯಾಸ್ (ಸದ್ದಿಲ್ಲದಾಗಲೂ ಅವುಗಳಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ), ಒಂದು ಗೆರೆ ಜಾಸ್ತಿಯಾದರೂ ಅವು ಕಾದು ಕೆಂಡವಾಗಬಹುದು.

ಮೊದಲು ಸಿಕ್ಕಿಸುವ ಸ್ಪೀಕರ್ ಹೋದರೆ ಹೋಗಲಿ ಅನ್ನುವಂಥದ್ದಾಗಿರಲಿ. ವೈರಿನ ಒಂದು ಎಳೆಯೂ ಪಕ್ಕದ ಟರ್ಮಿನಲ್ಲಿಗೆ ತಾಗದ ಹಾಗೆ ಹುರಿಮಾಡಿ ಹಾಕಿ. ಎಷ್ಟೋ ಒಳ್ಳೆಯ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸತ್ತಿರುವುದು ಆ ಒಂದು ಎಳೆಯಿಂದ.

ಒಂದು ಕಡೆ ಸದ್ದೇ ಇಲ್ಲ, ಈಗೇನು?

ಇಲ್ಲಿ ಜನ ಅವಸರಪಡುತ್ತಾರೆ. ಬಲಗಡೆ ಸದ್ದಿಲ್ಲ ಅಂದ ಕೂಡಲೇ ‘ಚಾನೆಲ್ ಹೋಗಿದೆ’ ಅಂತ ತೀರ್ಮಾನ, ಕೆಪಾಸಿಟರ್ ಎಲ್ಲ ಬದಲಾಯಿಸಬೇಕು ಅಂತ ಇನ್ನೊಬ್ಬರ ಸಲಹೆ. ನನ್ನ ಅನುಭವದಲ್ಲಿ ಅಟ್ಟದಿಂದ ಇಳಿದ ಸೆಟ್ಟಿನ ಮುಕ್ಕಾಲು ಪಾಲು ತೊಂದರೆ ಎಲೆಕ್ಟ್ರಾನಿಕ್ಸ್ ಅಲ್ಲವೇ ಅಲ್ಲ, ಕಿಲುಬು. ಸ್ವಿಚ್ಚಿನ ಒಳಗೆ, ಸಾಕೆಟ್ಟಿನ ಮೇಲೆ, ನಾಬ್ ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಕೂತ ಕಿಲುಬು.

ಮೊದಲು ತಪ್ಪು ಎಲ್ಲಿದೆ ಅಂತ ಹಿಡಿಯಿರಿ. ಆಫ್ ಮಾಡಿ ಎಡ ಬಲ ಸ್ಪೀಕರ್ ವೈರ್ ಅದಲುಬದಲು ಮಾಡಿ. ಸದ್ದಿಲ್ಲದಿರುವುದು ಸ್ಪೀಕರ್ ಜೊತೆಗೇ ಹೋದರೆ ಸ್ಪೀಕರ್ ಅಥವಾ ಅದರ ವೈರಿನ ತಪ್ಪು. ಮೊದಲಿನ ಕಡೆಯೇ ಉಳಿದರೆ ಈಗ ಇನ್‌ಪುಟ್ ಪಿನ್‌ಗಳನ್ನು ಅದಲುಬದಲು ಮಾಡಿ. ತಪ್ಪು ಜಾಗ ಬದಲಾಯಿಸಿದರೆ ಕೇಬಲ್ ಅಥವಾ ಪ್ಲೇಯರ್. ಇಷ್ಟಾದ ಮೇಲೂ ಕದಲದಿದ್ದರೆ ಮಾತ್ರ ಆಂಪ್ಲಿಫೈಯರ್ ಮೇಲೆ ಅನುಮಾನಪಡಿ.

ನಮ್ಮ ಮಾವನ ಸೆಟ್ಟಿನಲ್ಲಿ ಎರಡೂ ಕಡೆ ಸದ್ದಿರಲಿಲ್ಲ. ದೀಪ ಉರಿಯುತ್ತದೆ, ಟಕ್ ಬರುತ್ತದೆ, ಸದ್ದು ಮಾತ್ರ ಇಲ್ಲ. ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಮುಂದಿನ ಪಟ್ಟಿಯಲ್ಲಿ ‘ಟೇಪ್ ಮಾನಿಟರ್’ ಅನ್ನುವ ಬಟನ್ ಒಳಗೆ ಒತ್ತಿಕೊಂಡಿತ್ತು. ಅದು ಒತ್ತಿದ್ದರೆ ಆಂಪ್ಲಿಫೈಯರ್ ಕ್ಯಾಸೆಟ್ ಡೆಕ್ಕಿನಿಂದ ಬರುವ ಸದ್ದಿಗಾಗಿ ಕಾಯುತ್ತಿರುತ್ತದೆ, ಬೇರೆ ಯಾವುದನ್ನೂ ಬಿಡುವುದಿಲ್ಲ. ಬಟನ್ ಹೊರಗೆ ಬಂದ ಕೂಡಲೇ ಎಡಗಡೆ ಜೀವ ಬಂತು. ಬಲಗಡೆ? ಹಿಂದುಗಡೆ ‘ಪ್ರೀ ಔಟ್’, ‘ಮೇನ್ ಇನ್’ ಅಂತ ಬರೆದ ಎರಡು ಜೋಡಿ ಸಾಕೆಟ್‌ಗಳ ನಡುವೆ ಯು ಆಕಾರದ ಲೋಹದ ಕೊಂಡಿಗಳಿದ್ದವು. ಆಂಪ್ಲಿಫೈಯರಿನ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಸೇರಿಸುವುದು ಅವೇ. ಕಳೆದುಹೋಗಿದ್ದರೆ ಸದ್ದೇ ಬರುವುದಿಲ್ಲ, ಎರಡು ಸಣ್ಣ ಆರ್‌ಸಿಎ ಕೇಬಲ್ (ಆಡಿಯೊಗೆ ಹಾಕುವ ಕೆಂಪು ಬಿಳಿ ಪಿನ್ನಿನದು) ಹಾಕಿದರೆ ಸಾಕು. ನನ್ನದರಲ್ಲಿ ಬಲಗಡೆಯ ಕೊಂಡಿ ಕಪ್ಪಗಾಗಿತ್ತು. ಎಳೆದು, ಒರೆಸಿ, ಹಾಕುವಾಗ ಅತ್ತಿತ್ತ ನಾಲ್ಕು ಸಲ ತಿರುಚಿದೆ. ಬಲಗಡೆಯೂ ಬಂತು. ಖರ್ಚು ಏನಿಲ್ಲ, ಹತ್ತಿ ಸುತ್ತಿದ ಕಡ್ಡಿ ಮಾತ್ರ.

ಸ್ಪೀಕರ್ ಎ, ಬಿ ಬಟನ್‌ಗಳನ್ನೂ ನೋಡಿ. ಹೆಡ್‌ಫೋನ್ ಸಾಕೆಟ್ಟಿನ ಒಳಗಿನ ಸ್ವಿಚ್ ಸ್ಪೀಕರನ್ನು ಕಡಿಯುವ ಸೆಟ್‌ಗಳೂ ಇವೆ, ಅದರಲ್ಲಿ ಪಿನ್ ಹಾಕಿ ತೆಗೆದರೆ ಸರಿಹೋಗಬಹುದು.

ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುವುದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬೇಕು, ಪೊಟೆನ್ಶಿಯೋಮೀಟರ್‌ಗೆ ಆಗುತ್ತದೆ ಅಂತ ಬರೆದಿರುವಂಥದ್ದು. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಒಂದು ವಾರ ಚೆನ್ನಾಗಿದ್ದು ಆಮೇಲೆ ಧೂಳನ್ನು ಅಂಟಿಸಿಕೊಂಡು ಕೂರುತ್ತದೆ. ಆಫ್ ಮಾಡಿ, ಪ್ಲಗ್ ಕಿತ್ತು, ನಾಬ್ ಹಿಂದಿರುವ ಲೋಹದ ಡಬ್ಬಿಯಲ್ಲಿ ಕಾಲುಗಳು ಹೊರಬರುವ ಕಡೆ ಸಣ್ಣ ಸಂದಿ ಇರುತ್ತದೆ, ಅದಕ್ಕೆ ಕೊಳವೆ ಇಟ್ಟು ಒಂದು ಚಿಮುಕು. ಆಮೇಲೆ ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಟ್ರೆಬಲ್, ಬಾಸ್, ಬ್ಯಾಲೆನ್ಸ್, ಸೆಲೆಕ್ಟರ್, ಒತ್ತುವ ಬಟನ್ ಎಲ್ಲಕ್ಕೂ ಇದೇ ಸೇವೆ. ಒಂದು ಗಂಟೆ ಒಣಗಲಿ. ಎರಡು ಸಲ ಮಾಡಿದರೂ ಕರಕರ ಮತ್ತೆ ಬಂದರೆ ಅದು ಕೊಳೆಯಲ್ಲ, ಹಿಂದಿನ ಯಾವುದೋ ಕೆಪಾಸಿಟರ್ ಸೋರಿ ನಾಬ್ ಮೇಲೆ ಡಿಸಿ ಬರುತ್ತಿರಬಹುದು.

ಸದ್ದು ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ, ವಾಲ್ಯೂಮ್ ಜೋರು ಮಾಡಿದ ಕೂಡಲೇ ಸರಿಹೋಗುತ್ತದೆ ಅಂದರೆ ರಿಲೇ ಮೇಲೆ ಅನುಮಾನ. ಅದರ ಬಿಂದುಗಳು ಕಪ್ಪಗಾಗಿರುತ್ತವೆ. ಉಪ್ಪುಕಾಗದ ಹಾಕಿ ಉಜ್ಜಿದರೆ ಮೇಲಿನ ಲೇಪ ಹೋಗಿ ಮೂರು ತಿಂಗಳಿಗೆ ಮತ್ತೆ ಅದೇ ಗೋಳು. ಅದೇ ಅಳತೆಯ ಹೊಸ ರಿಲೇ ಹಾಕಿಸುವುದೇ ಲೇಸು.

ಗುಂಯ್ ಅನ್ನುವ ಸದ್ದಿಗೆ ಒಂದೇ ಪರೀಕ್ಷೆ. ವಾಲ್ಯೂಮ್ ಸೊನ್ನೆ ಮಾಡಿ. ಗುಂಯ್ ಹಾಗೇ ಇದ್ದರೆ ಪವರ್ ಸಪ್ಲೈ, ಬಹುಶಃ ಫಿಲ್ಟರ್ ಕೆಪಾಸಿಟರ್ ಸೋತಿದೆ. ವಾಲ್ಯೂಮ್ ಜೊತೆ ಏರಿಳಿದರೆ ಕೇಬಲ್ ಅಥವಾ ಅರ್ತಿಂಗ್ ತೊಂದರೆ. ಫಿಲ್ಟರ್ ಕೆಪಾಸಿಟರ್ ಸೋತಿದ್ದರೆ ಅವನ್ನು ಬದಲಾಯಿಸಿ, ಸರಿ. ಆದರೆ ಏನೂ ತೊಂದರೆ ಇಲ್ಲದ ಸೆಟ್ಟಿನಲ್ಲಿ ‘ಹಳೇದಲ್ವಾ’ ಅಂತ ನಲವತ್ತು ಕೆಪಾಸಿಟರ್ ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಳೇ ಬೋರ್ಡಿನ ತಾಮ್ರದ ಪಟ್ಟಿ ಎರಡನೇ ಸಲ ಬೆಸುಗೆಯ ಬಿಸಿ ತಗುಲಿದರೆ ಎದ್ದುಬರುತ್ತದೆ, ಇದ್ದ ಕಣ್ಣನ್ನೂ ಕಳೆದುಕೊಂಡ ಹಾಗೆ.

ಯಾವುದನ್ನು ಎಲ್ಲಿ ಸಿಕ್ಕಿಸುವುದು

ಟ್ಯೂನರ್, ಆಕ್ಸ್, ಟೇಪ್ ಪ್ಲೇ, ಸಿಡಿ, ಇವೆಲ್ಲ ಒಂದೇ ಜಾತಿ. ಫೋನೋ ಮಾತ್ರ ಬೇರೆ. ಅದು ರೆಕಾರ್ಡ್ ಪ್ಲೇಯರಿನ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟಿನ ಸದ್ದನ್ನು ನೂರರಷ್ಟು ಹಿಗ್ಗಿಸುತ್ತದೆ, ಬಾಸ್ ಏರಿಸಿ ಟ್ರೆಬಲ್ ಇಳಿಸುತ್ತದೆ. ಫೋನ್ ತಂದು ಅಲ್ಲಿ ಸಿಕ್ಕಿಸಿದರೆ ಒಡೆದ ತಗಡಿನ ಸದ್ದು ಬರುತ್ತದೆ. ‘ರೆಕ್ ಔಟ್’ ಅಂತ ಬರೆದದ್ದಕ್ಕೂ ಸಿಕ್ಕಿಸಬೇಡಿ, ಅದು ಹೊರಗೆ ಕಳಿಸುವ ದಾರಿ.

ಮೊಬೈಲಿಗೆ 3.5 ಮಿಲಿಮೀಟರ್ ಪಿನ್ನಿನಿಂದ ಎರಡು ಆರ್‌ಸಿಎ ಆಗುವ ಕೇಬಲ್, ಇಲ್ಲವೇ ಸಣ್ಣ ಬ್ಲೂಟೂತ್ ರಿಸೀವರ್. ಈಗಿನ ಟಿವಿಯಲ್ಲಿ ಬರೀ ಆಪ್ಟಿಕಲ್ ತೂತು ಇದ್ದರೆ ನಡುವೆ ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಒಂದು ಡಿಎಸಿ ಬೇಕು, ಟಿವಿಯ ಸೆಟ್ಟಿಂಗಿನಲ್ಲಿ ಆಡಿಯೊವನ್ನು ಪಿಸಿಎಂ ಮಾಡಬೇಕು, ಮರೆತರೆ ಬರೀ ಮೌನ. ಹಳೇ ಸೆಟ್ಟಿನ ಇನ್‌ಪುಟ್‌ಗೆ 150, 200 ಮಿಲಿವೋಲ್ಟ್ ಸಾಕು, ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ಹಾಗಾಗಿ ನಾಬ್ ಸ್ವಲ್ಪ ತಿರುಗಿಸಿದರೂ ಕಿವಿ ಹರಿಯುವಷ್ಟು ಜೋರಾಗಬಹುದು, ಅದು ದೋಷವಲ್ಲ.

ವ್ಯಾಟ್ ಕಮ್ಮಿ ಅಂತ ಮೂಗು ಮುರಿಯಬೇಡಿ. 1978ರಲ್ಲಿ ಬಂದ ನ್ಯಾಡ್ 3020ಯ ಮೇಲೆ ಬರೆದದ್ದು ಚಾನೆಲ್ಲಿಗೆ 20 ವ್ಯಾಟ್ ಅಷ್ಟೇ, ಅದನ್ನು ಜನ ಇವತ್ತಿಗೂ ಹುಡುಕುತ್ತಾರೆ. ಆಮೇಲೆ ಬಂದ, ಜಾಹೀರಾತಿಗಾಗಿ ಉಬ್ಬಿಸಿದ ಪಿಎಂಪಿಒ ಲೆಕ್ಕದ ಸಾವಿರ ವ್ಯಾಟಿಗೂ ಆ ಇಪ್ಪತ್ತಕ್ಕೂ ಸಂಬಂಧವೇ ಇಲ್ಲ. ಲೌಡ್‌ನೆಸ್ ಬಟನ್ ಇದ್ದರೆ ರಾತ್ರಿ ಮೆಲ್ಲಗೆ ಕೇಳುವಾಗ ಒತ್ತಿ, ಸದ್ದು ಕಮ್ಮಿಯಿದ್ದಾಗ ನಮ್ಮ ಕಿವಿಗೆ ಬಾಸ್ ಸರಿಯಾಗಿ ಕೇಳುವುದಿಲ್ಲ, ಅದಕ್ಕೇ ಆ ಬಟನ್. ಹಗಲು ಜೋರಾಗಿ ಹಾಕಿದಾಗಲೂ ಒತ್ತಿಟ್ಟುಕೊಂಡಿರುವವರ ಜೊತೆ ನನಗೆ ವಾದ ಮಾಡುವ ಶಕ್ತಿ ಇಲ್ಲ.

ಮೇಲೆ ಒಂದು ಗೇಣು ಜಾಗ ಖಾಲಿ ಬಿಡಿ, ಜಾಲರಿಯ ಮೇಲೆ ಬಟ್ಟೆ ಹಾಸಿ ಹೂಕುಂಡ ಇಡಬೇಡಿ. ಮೊದಲ ವಾರ ನೀವು ಮನೆಯಲ್ಲಿ ಇಲ್ಲದಾಗ ಆನ್ ಇರಬಾರದು. ವಾರದ ಕೊನೆಗೆ ಡಿಸಿ ಅಳತೆ ಮತ್ತೊಂದು ಸಲ ನೋಡಿ.

ಮುಚ್ಚಳ ಹಾಕುವ ಮುಂಚೆ ಒಂದು ಚೀಟಿ ಬರೆದು ಒಳಗಡೆ ಅಂಟಿಸಿ. ನನ್ನ ಚೀಟಿಯಲ್ಲಿ ತಾರೀಕು ಇದೆ, ‘ಫ್ಯೂಸು ಟಿ 2 ಆಂಪಿಯರ್, ತಾಮ್ರದ ತಂತಿ ಅಲ್ಲ’ ಅಂತಿದೆ, ‘ಎಡ 12, ಬಲ 38’ ಅಂತಿದೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಸದ್ದು ಬರದಿದ್ದರೆ ಮೊದಲು ಟೇಪ್ ಮಾನಿಟರ್ ನೋಡು.’